ಚಿಕ್ಕಪ್ಪನ ಎರಡು ಸ್ಕ್ಯಾನ್‌ಗಳು

ಮಂಡ್ಯ ಪಕ್ಕದ ಊರಲ್ಲಿ ಕಬ್ಬು ಬೆಳೆಯುವ ನಮ್ಮ ಚಿಕ್ಕಪ್ಪ ಗದ್ದೆ ಬದುವಿನ ಮೇಲೆ ತೂರಾಡಿದಾಗ, ಕುಡಿದಿದ್ದಾರೆ ಅಂತ ಜನ ಆಡಿಕೊಂಡರು. ಒಂದು ಹನಿ ಮುಟ್ಟಿದವರಲ್ಲ ಅವರು. ಆ ಮಾತು ನೆನೆದರೆ ಈಗಲೂ ಸಂಕಟವಾಗುತ್ತದೆ.

ರಕ್ತ ಪರೀಕ್ಷೆಯಲ್ಲಿ ಬಂದದ್ದು ಎಸ್‌ಸಿಎ 2, ಅಂದರೆ ಕಿರುಮೆದುಳು ನಿಧಾನಕ್ಕೆ ಸವೆದು ನಡಿಗೆಯ ಹಿಡಿತ ತಪ್ಪಿಸೋ, ವಂಶದಲ್ಲಿ ಬರೋ ಕಾಯಿಲೆ. ಒಂದು ಜೀನ್‌ನಲ್ಲಿ ಸಿಎಜಿ ಅನ್ನೋ ಡಿಎನ್‌ಎಯ ಮೂರಕ್ಷರ ಬೇಕಾದ್ದಕ್ಕಿಂತ ಜಾಸ್ತಿ ಸಲ ಬರುತ್ತದೆ, ಅಷ್ಟೇ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ 50% ಸಾಧ್ಯತೆ.

ಕಾಯಿಲೆ ಎಷ್ಟು ಮುಂದುವರಿದಿದೆ ಅಂತ ನೋಡಲು ಡಾಕ್ಟರು ನಡೆಸುತ್ತಾರೆ, ನಿಲ್ಲಿಸುತ್ತಾರೆ, ಮಾತಾಡಿಸುತ್ತಾರೆ, ಬೆರಳಿಂದ ಮೂಗು ಮುಟ್ಟಿಸುತ್ತಾರೆ. ಅದಕ್ಕೆ ಸಾರಾ ಅಂತ 40 ಅಂಕದ ಅಳತೆ ಇದೆ. ಆದರೆ ರಾತ್ರಿ ನಿದ್ದೆಗೆಟ್ಟು ಬಸ್ಸಲ್ಲಿ ಬಂದವರ ನಡಿಗೆ ಅವತ್ತು ಇನ್ನಷ್ಟು ಕೆಟ್ಟಿರುತ್ತೆ ಅಲ್ವಾ?

ಎಂಆರ್‌ಐ ಇಲ್ಲೇ ನೆರವಿಗೆ ಬರೋದು. ಮೂರು ವರ್ಷದ ಅಂತರದ ಎರಡು ಫಿಲ್ಮ್‌ಗಳನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ತಲೆಯ ಹಿಂಭಾಗದ ಕಿರುಮೆದುಳಿನ ಮಡಿಕೆಗಳ ನಡುವಿನ ಕಪ್ಪು ಗೆರೆಗಳು ಎರಡನೆಯದರಲ್ಲಿ ಅಗಲವಾಗಿದ್ದವು, ಅಂದರೆ ಮಡಿಕೆಗಳು ಸವೆದಿದ್ದವು. ಸುಮ್ನೆ ಕಣ್ಣಲ್ಲಿ ನೋಡಿದರೆ ಸಾಲದು, ಒಂದೇ ಥರದ ಮಷೀನು, ಒಂದೇ ಸೆಟ್ಟಿಂಗ್‌ನಲ್ಲಿ ತೆಗೆದು ಕಿರುಮೆದುಳು ಮತ್ತು ಮೆದುಳುಕಾಂಡದ ಗಾತ್ರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ಜೀನ್ ಇದ್ದೂ ಲಕ್ಷಣ ಕಾಣದವರಲ್ಲೂ ಈ ಸವೆತ ಸಿಕ್ಕಿದೆ. ಹೊಸ ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಬೇಗ ತಿಳಿಯಲು ಇಂಥ ಅಳತೆಯೇ ಬೇಕು.

ಚಿಕ್ಕಪ್ಪನ ಮಗ ಇನ್ನೂ ಪರೀಕ್ಷೆ ಮಾಡಿಸಿಲ್ಲ. ನಾವ್ಯಾರೂ ಬಲವಂತ ಮಾಡುತ್ತಿಲ್ಲ. ಚಿಕ್ಕಮ್ಮ ಈಗ ಕಾಫಿಯನ್ನು ಅರ್ಧ ಲೋಟ ಮಾತ್ರ ತುಂಬಿಸಿ ಕೊಡುತ್ತಾರೆ.