ಒಸಡಿನ ಆಳ ಅಳೆದ ದಿನ

ಹಲ್ಲುಜ್ಜಿ ಉಗುಳಿದಾಗ ಕಾಣುತ್ತಿದ್ದ ರಕ್ತದ ಎಳೆಗೆ ಬ್ರಷ್ಷಿನ ಗಡಸುತನವೇ ಕಾರಣವೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ಹಾಗಾಗಿ ರಕ್ತ ಬರುತ್ತಿದ್ದ ಬಲಗಡೆಯ ಕೆಳದವಡೆಯಲ್ಲಿ ಬ್ರಷ್ಷನ್ನು ಸುಮ್ಮನೆ ಸವರಿ ಬಿಡುತ್ತಿದ್ದೆ. ನೋವು ಮಾತ್ರ ಎಂದೂ ಇರಲಿಲ್ಲ. ಒಸಡಿನ ಕಾಯಿಲೆ ನಮ್ಮನ್ನು ಮೋಸಗೊಳಿಸುವುದೇ ಹಾಗೆ.

ಅಲ್ಲಿಯ ಹಲ್ಲೊಂದು ನಾಲಿಗೆ ಒತ್ತಿದರೆ ಅಲುಗಾಡಿದಂತೆನಿಸಿದಾಗ ದಂತವೈದ್ಯರ ಬಳಿಗೆ ಹೋದೆ. ಅವರು ಮಿಲಿಮೀಟರ್ ಗೆರೆಗಳಿದ್ದ ಮೊಂಡುತುದಿಯ ತೆಳು ಕಡ್ಡಿಯನ್ನು ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಪ್ರತಿ ಹಲ್ಲನ್ನೂ ಆರು ಕಡೆ ಅಳೆದು, ಸಹಾಯಕಿಗೆ ಅಂಕಿಗಳನ್ನು ಬರೆಸುತ್ತ ಹೋದರು. ‘ಎರಡು, ಮೂರು, ಎರಡು’ ಎಂದು ಸಾಗಿದ ದನಿ ಬಲಗಡೆಗೆ ಬಂದೊಡನೆ ‘ಐದು, ಆರು, ಆರು’ ಎಂದಿತು. 3 ಮಿಲಿಮೀಟರ್‌ವರೆಗಿನ ಆಳ ಸಹಜವೆಂದೂ ಅದಕ್ಕಿಂತ ಆಳವಾದ ಸಂದಿಯೊಳಗೆ ಬ್ರಷ್ ತಲುಪದೆಂದೂ ಅವರು ವಿವರಿಸಿದರು. ಎಕ್ಸ್-ರೇಯಲ್ಲಿ ಆ ಹಲ್ಲಿನ ಸುತ್ತಲಿನ ಮೂಳೆ ತಗ್ಗಿತ್ತು. ಮಧುಮೇಹವಿದೆಯೇ, ಧೂಮಪಾನವಿದೆಯೇ ಎಂದೂ ಕೇಳಿದರು. ಎರಡೂ ಒಸಡಿನ ರೋಗವನ್ನು ಉಲ್ಬಣಗೊಳಿಸುತ್ತವೆ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಎರಡು ಭೇಟಿಗಳಲ್ಲಿ ಒಸಡಿನ ಕೆಳಗಿನ ಬೇರನ್ನೆಲ್ಲ ಕೆರೆದು ಶುಚಿಗೊಳಿಸಿದರು. ಕೊನೆಗೆ ಹತ್ತಿಬಟ್ಟೆಯ ಮೇಲೆ ತೋರಿಸಿದ ಚೂರು ಸಾಸಿವೆ ಕಾಳಿನಷ್ಟೂ ಇರಲಿಲ್ಲ, ಕಪ್ಪಗೆ ಒರಟಾಗಿತ್ತು. ದಿನವೂ ನಾನು ಬಿಟ್ಟುಬಿಟ್ಟಿದ್ದ ಮೆತ್ತನೆಯ ಪಾಚಿಯೇ ಹಾಗೆ ಕಲ್ಲುಗಟ್ಟಿತ್ತೆಂದು ತಿಳಿದಾಗ ನಿಜಕ್ಕೂ ಸಂಕಟವಾಯಿತು.

‘ರಕ್ತ ಬರುವ ಜಾಗವನ್ನೇ ಹೆಚ್ಚು ಜತನದಿಂದ ಶುಚಿಗೊಳಿಸಿ, ಆದರೆ ಒತ್ತಿ ಉಜ್ಜಬೇಡಿ’ ಎಂದು ವೈದ್ಯರು ಹೇಳಿದ್ದು ನನ್ನ ರೂಢಿಗೆ ತೀರ ವಿರುದ್ಧವಾಗಿತ್ತು. ಮೆದು ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಉಜ್ಜುವುದನ್ನೂ, ಹಲ್ಲುಗಳ ನಡುವೆ ತೂರಿಸುವ ಪುಟ್ಟ ಬ್ರಷ್ಷನ್ನು ಬಳಸುವುದನ್ನೂ ಕನ್ನಡಿ ಹಿಡಿದು ಕಲಿಸಿದರು. ಮೊದಲ ಕೆಲವು ರಾತ್ರಿ ಆ ಬ್ರಷ್ ಕೆಂಪಾಗಿಯೇ ಹೊರಬರುತ್ತಿತ್ತು, ಎರಡನೆಯ ವಾರದ ಹೊತ್ತಿಗೆ ಬಿಳಿಯಾಗಿಯೇ ಉಳಿಯಿತು. ಬಾವು ಇಳಿದಂತೆ ಹಲ್ಲುಗಳ ನಡುವೆ ಸಂದು ಕಂಡಿತು, ತಣ್ಣೀರು ಜುಮ್ಮೆನಿಸಿತು. ಮೊದಲೇ ಹೇಳಿರದಿದ್ದರೆ ಚಿಕಿತ್ಸೆಯೇ ಕೆಡಿಸಿತೆಂದು ಭಾವಿಸುತ್ತಿದ್ದೆನೇನೋ.

ಎರಡು ತಿಂಗಳ ನಂತರ ಮತ್ತೆ ಅಳೆದಾಗ ಬಹುತೇಕ ಕಡೆ ಆಳ 3ಕ್ಕೋ 4ಕ್ಕೋ ಇಳಿದಿತ್ತು. ಅಲುಗಾಡುತ್ತಿದ್ದ ಹಲ್ಲಿನ ಹಿಂಬದಿಯಲ್ಲಿ ಮಾತ್ರ 5 ಉಳಿದಿದೆ. ಕರಗಿದ ಮೂಳೆ ತಾನಾಗಿ ಮರಳದು. ಆ ಜಾಗ ಇನ್ನೂ ಇಳಿಯದಿದ್ದರೆ ಒಸಡನ್ನು ಬಿಡಿಸಿ ಶುಚಿಗೊಳಿಸುವ ಶಸ್ತ್ರಚಿಕಿತ್ಸೆ ಬೇಕಾಗಬಹುದೆಂದು ವೈದ್ಯರು ಹೇಳಿದ್ದಾರೆ. ಮೂರು ತಿಂಗಳಿಗೊಮ್ಮೆ ಅಳತೆ ಮುಂದುವರಿಯುತ್ತದೆ. ಈಗ ರಾತ್ರಿ ನಾನು ಮೊದಲು ಬ್ರಷ್ ಹಿಡಿಯುವುದು ಆ ಹಲ್ಲಿನ ಹಿಂಬದಿಗೇ.