ಅಂಬಾಸಿಡರ್‌ಗೆ ಹಳೇ ಡಬ್ಬಿಯ ಆಯಿಲ್

ಬಳ್ಳಾರಿಯಲ್ಲಿ ಬಾಗಿಲು ಹಾಕಿದ ಸ್ಪೇರ್‌ಪಾರ್ಟ್ಸ್ ಅಂಗಡಿಯೊಂದರ ಗೋದಾಮು ಖಾಲಿ ಮಾಡುವಾಗ ಇಂಜಿನ್ ಆಯಿಲ್‌ನ ಎರಡು ತಗಡಿನ ಡಬ್ಬಿ ಸಿಕ್ಕವು. ಆ ಆಯಿಲ್ ತಯಾರಿಕೆ ನಿಂತೇ ಎಷ್ಟೋ ಕಾಲವಾಗಿದೆ. ಹಾಕಬೇಕಿದ್ದ ಗಾಡಿ 1,489 ಸಿಸಿ ಪೆಟ್ರೋಲ್ ಇಂಜಿನ್ನಿನ ಅಂಬಾಸಿಡರ್. "ಸೀಲ್ ಹಂಗೇ ಐತಲ್ಲಣ್ಣ, ಹಾಕಿಬಿಡಾಣ" ಅಂದ ಗ್ಯಾರೇಜಿನ ಹುಡುಗ. ಸೀಲ್ ಇದ್ದರಷ್ಟೇ ಸಾಲದು, ಮೊದಲು ಡಬ್ಬಿಯ ಮೇಲಿನ ಅಕ್ಷರ ಓದಬೇಕು.

ಒಂದರ ಮೇಲೆ ಎಪಿಐ ಎಸ್‌ಎಫ್, 20ಡಬ್ಲ್ಯು-40 ಎಂದಿತ್ತು. ಎಪಿಐ ಅಂದರೆ ಆಯಿಲ್‌ಗೆ ಗುಣಮಟ್ಟದ ದರ್ಜೆ ಕೊಡುವ ಅಮೆರಿಕದ ಸಂಸ್ಥೆ, 20ಡಬ್ಲ್ಯು-40 ಅನ್ನುವುದು ಆಯಿಲ್ ಎಷ್ಟು ಗಟ್ಟಿ ಅನ್ನುವ ಅಳತೆ. ಎಸ್‌ಎಫ್ ದರ್ಜೆ 1988 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಇಂಜಿನ್ನುಗಳಿಗೆ, ಎಸ್‌ಜಿ 1993ರವರೆಗಿನವಕ್ಕೆ. ಈ ಇಂಜಿನ್ನಿನ ವಿನ್ಯಾಸ 1950ರ ದಶಕದ್ದು, ಹಾಗಾಗಿ ಎಸ್‌ಎಫ್ ಧಾರಾಳ ಸಾಕು. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ 20ಡಬ್ಲ್ಯು-40 ಹೊಂದುತ್ತದೆ. ಇನ್ನೊಂದು ಡಬ್ಬಿಯ ಮೇಲೆ ಬರೀ ಎಸ್‌ಎಇ 40 ಎಂಬ ಗಟ್ಟಿತನದ ಅಳತೆ ಇತ್ತು, ದರ್ಜೆಯ ಸುದ್ದಿಯೇ ಇಲ್ಲ. ತೀರಾ ಹಳೆಯದಾದ ಎಸ್‌ಎ ದರ್ಜೆಯ ಆಯಿಲ್‌ನಲ್ಲಿ ಅಡಿಟಿವ್, ಅಂದರೆ ಇಂಜಿನ್ ಕಾಪಾಡಲು ಬೆರೆಸುವ ರಾಸಾಯನಿಕ, ಇರುವುದೇ ಇಲ್ಲ. ಅಂಥದ್ದೇ ಇರಬಹುದಾದ ಈ ಆಯಿಲನ್ನು ಗೇಟಿನ ಕೀಲಿಗೆ, ಜಾಕಿಗೆ ಅಂತ ಎತ್ತಿಟ್ಟೆವು.

ಹಳೇ ಆಯಿಲ್‌ಗೆ ಒಂದು ನಿಜವಾದ ಗುಣವೂ ಇದೆ. ಈ ಇಂಜಿನ್ನಿನಲ್ಲಿ ವಾಲ್ವ್ ತೆರೆಸುವ ಕ್ಯಾಮ್ ನೇರವಾಗಿ ಚಪ್ಪಟೆ ಟ್ಯಾಪೆಟ್ (ಕ್ಯಾಮ್ ತಳ್ಳಿದ್ದನ್ನು ವಾಲ್ವಿನ ಕಡೆ ದಾಟಿಸುವ ಭಾಗ) ಮೇಲೆ ಉಜ್ಜಿಕೊಂಡು ತಿರುಗುತ್ತದೆ. ಅಲ್ಲಿ ಸವಕಳಿ ತಡೆಯುವುದು ಜಿಂಕ್ ಮತ್ತು ರಂಜಕ ಸೇರಿದ ಅಡಿಟಿವ್. ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ರಂಜಕ ಹಾಳು ಮಾಡುವುದರಿಂದ, ತೆಳು ಗ್ರೇಡಿನ ಆಯಿಲ್‌ಗಳಲ್ಲಿ ಅದರ ಮಿತಿಯನ್ನು ಆಮೇಲೆ ಬಂದ ದರ್ಜೆಗಳಲ್ಲಿ, ಎಸ್‌ಜೆ ಕಾಲಕ್ಕೆ ಶೇ 0.10ಕ್ಕೆ, ಎಸ್‌ಎಂ ಕಾಲಕ್ಕೆ ಶೇ 0.08ಕ್ಕೆ ಇಳಿಸಿದರು. ಕನ್ವರ್ಟರ್ ಇಲ್ಲದ ಅಂಬಾಸಿಡರ್‌ಗೆ ರಂಜಕದಿಂದ ತೊಂದರೆಯಿಲ್ಲ. ಕನ್ವರ್ಟರ್ ಇರುವ ಗಾಡಿಗೆ ಮಾತ್ರ ಈ ಡಬ್ಬಿ ಬೇಡವೇ ಬೇಡ.

ಅಕ್ಷರ ಒಪ್ಪಿದರೂ ಒಳಗಿನ ಮಾಲು ನೋಡಲೇಬೇಕು. ತಗಡಿನ ಶೆಡ್‌ನಲ್ಲಿ ಹಗಲು ಕಾದು ರಾತ್ರಿ ಆರುವ ಡಬ್ಬಿ ಮುಚ್ಚಳದ ಸಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಅದರ ಜೊತೆ ತೇವವೂ ಸೇರುತ್ತದೆ. ಮುಚ್ಚಳದ ಸುತ್ತ ಕೂತ ಅದಿರಿನ ಕೆಂಪು ದೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ತೆರೆದೆವು. ಡಬ್ಬಿಯನ್ನು ಅಲುಗಾಡಿಸದೆ ಒಂದು ಗಾಜಿನ ಲೋಟಕ್ಕೆ ಸುರಿದು ಬಿಸಿಲಿಗೆ ಹಿಡಿದಾಗ ಜೇನುಬಣ್ಣ, ಆಚೆ ಕಡೆಯ ಬೆರಳು ನಿಚ್ಚಳವಾಗಿ ಕಂಡಿತು. ಮಂಜು ಮಂಜಾಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ. ಖಾತ್ರಿಗೆ, ಕಾಯಿಸಿದ ತಗಡಿನ ಮೇಲೆ ಒಂದು ಹನಿ ಹಾಕಬೇಕು. ಚಟಪಟ ಸಿಡಿದರೆ ನೀರಿದೆ, ಸುಮ್ಮನೆ ಹರಡಿದರೆ ಇಲ್ಲ. ಮುಖ ದೂರ ಇಟ್ಟು ಮಾಡುವ ಕೆಲಸ. ಕೊನೆಗೆ ಕಡ್ಡಿಯಿಂದ ಡಬ್ಬಿಯ ತಳ ಗೀರಿ ನೋಡಿದೆವು. ಜಿಗುಟು ಮಡ್ಡಿ ಬಂದರೆ ಅಡಿಟಿವ್ ಬೇರ್ಪಟ್ಟು ತಳ ಸೇರಿದೆ ಎಂದರ್ಥ. ಅದನ್ನು ಕುಲುಕಿದರೆ ಮತ್ತೆ ಬೆರೆಯುತ್ತದೆ ಎಂದು ನಂಬುವಂತಿಲ್ಲ. ಇದರಲ್ಲಿ ಮಡ್ಡಿ ಇರಲಿಲ್ಲ.

ಇಂಜಿನ್ ಹತ್ತು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಡ್ರೈನ್ ಬೋಲ್ಟ್ ಬಿಚ್ಚಿ ಚೇಂಬರಿನ (ಇಂಜಿನ್ ತಳದ ಆಯಿಲ್ ತೊಟ್ಟಿಯ) ಹಳೇ ಆಯಿಲ್ ಪೂರ್ತಿ ಇಳಿಸಿದೆವು. ಬೋಲ್ಟಿಗೆ ಹೊಸ ತಾಮ್ರದ ವಾಷರ್. ಎಡವಟ್ಟಾಗುವುದು ಫಿಲ್ಟರ್‌ನಲ್ಲಿ. ಹಳೇ ಇಂಜಿನ್ನಿನ ಫಿಲ್ಟರ್ ಬಟ್ಟಲೊಳಗೆ ಕೂರುವಂಥದ್ದು, ಅದರ ರಬ್ಬರ್ ರಿಂಗ್ ಮೇಲಿನ ತೋಡಿನೊಳಗೆ ಅಂಟಿಕೊಂಡು ಕಾಣುವುದೇ ಇಲ್ಲ. ಅದರ ಮೇಲೇ ಹೊಸ ರಿಂಗ್ ಕೂರಿಸಿದರೆ ಸ್ಟಾರ್ಟ್ ಮಾಡಿದ ಕ್ಷಣಕ್ಕೆ ಆಯಿಲ್ ನೆಲಕ್ಕೆ ಸುರಿಯುತ್ತದೆ. ಟಾರ್ಚ್ ಹಿಡಿದು, ಸೂಜಿಯಿಂದ ತೋಡಿನ ಸುತ್ತ ಕೆದಕಿ ಹಳೇ ರಿಂಗ್ ಕಿತ್ತ ಮೇಲೆಯೇ ಹೊಸದು ಕೂರಿಸಬೇಕು.

ಹಿಡಿದದ್ದು ಸುಮಾರು 4 ಲೀಟರ್, ಆದರೆ ಕೊನೆಯ ಮಾತು ಡಿಪ್‌ಸ್ಟಿಕ್ಕಿನದೇ. ಸ್ಟಾರ್ಟ್ ಮಾಡಿದ ಕೆಲವೇ ಸೆಕೆಂಡಿನಲ್ಲಿ ಪ್ರೆಶರ್ ಲೈಟ್ ಆರಬೇಕು, ಆರದಿದ್ದರೆ ತಕ್ಷಣ ಆಫ್. ಎರಡು ನಿಮಿಷ ಓಡಿಸಿ, ಐದು ನಿಮಿಷ ಬಿಟ್ಟು ಮತ್ತೆ ಅಳೆದು ಮೇಲಿನ ಗೆರೆಗೆ ಸರಿದೂಗಿಸಿದೆವು.

ಇಂಥ ಆಯಿಲನ್ನು 5,000 ಕಿಲೋಮೀಟರ್ ಓಡಿಸಬಾರದು; 2,500ಕ್ಕೇ ಇಳಿಸುವುದು ಒಳ್ಳೆಯದು. ಸಂಡೂರು ಕಡೆಯ ದೂಳಿನಲ್ಲಿ ದಿನವೂ ಓಡಾಡುವ ಗಾಡಿಯಾದರೆ ಇನ್ನೂ ಬೇಗ, ಏರ್ ಫಿಲ್ಟರ್ ಸಮೇತ. ಅಷ್ಟರೊಳಗೆ ಡಿಪ್‌ಸ್ಟಿಕ್ಕಿನ ಆಯಿಲ್ ಹಾಲುಬಣ್ಣಕ್ಕೆ ತಿರುಗಿದರೆ ಡಬ್ಬಿಯನ್ನು ದೂರುವ ಮೊದಲು ಹೆಡ್ ಗ್ಯಾಸ್ಕೆಟ್ (ರೇಡಿಯೇಟರ್ ನೀರು ಆಯಿಲ್‌ಗೆ ಸೇರದಂತೆ ತಡೆಯುವ ಇಂಜಿನ್ನಿನ ಸೀಲ್) ನೋಡಿಸಿ.