ಅಡಿಕೆ ಸುಲಿತದ ಬಗ್ಗೆ ಬರೆಯಲು ಕೂತ ದಿನ

ಕಳೆದ ಚಳಿಗಾಲದ ಒಂದು ಭಾನುವಾರ, ನಮ್ಮ ಮಲೆನಾಡಿನ ಅಡಿಕೆ ಸುಲಿತದ ಬಗ್ಗೆ ಲೇಖನ ಬರೆಯಲು ಕೂತೆ. ಪಕ್ಕದಲ್ಲಿದ್ದ ನೋಟ್‌ಬುಕ್ಕಿನಲ್ಲಿ ಪಟ್ಟಿ ಸಿದ್ಧವಿತ್ತು: ತೋಟ, ಕೊನೆಕೊಯ್ಲು (ಮರದಿಂದ ಅಡಿಕೆ ಗೊನೆ ಇಳಿಸುವುದು), ಸುಲಿತ, ಬೇಯಿಸುವುದು, ಒಣಗಿಸುವುದು, ಮಾರುಕಟ್ಟೆ. ಯಾವುದರ ಕೆಳಗೆ ಏನು ಬರಬೇಕು ಅಂತಲೂ ಗುರುತು ಹಾಕಿದ್ದೆ.

ತೋಟದ ಭಾಗ ಬರೆದಾಯಿತು. ಮಾಹಿತಿ ಎಲ್ಲ ಸರಿ. ಓದಿದರೆ ಮಾತ್ರ ಕೃಷಿ ಮೇಳದಲ್ಲಿ ಹಂಚುವ ಕರಪತ್ರದ ಹಾಗಿತ್ತು.

ಊಟ ಮಾಡಿ ಬಂದು ನೋಟ್‌ಬುಕ್ ಮುಚ್ಚಿಟ್ಟೆ. ಸುಮ್ನೆ ಮೊದಲು ನೆನಪಾದದ್ದನ್ನು ಬರೆಯೋಣ ಅಂತ ಕೂತರೆ, ಬಂದದ್ದು ಸೋದರತ್ತೆಯ ಕೈಬೆರಳು. ಅತ್ತೆ ಮೆಟ್ಟುಗತ್ತಿ ಮುಂದೆ ಕೂತು, ಹಸಿ ಅಡಿಕೆಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ. ಕಣ್ಣು ಮಾತಾಡುವವರ ಮುಖದ ಮೇಲೆ. ಕೈ ತನ್ನ ಪಾಡಿಗೆ ತಾನು. ಹಂಗಾಮು ಮುಗಿಯುವ ತನಕ ಹೆಬ್ಬೆರಳಿನ ಕಪ್ಪು ಹೋಗುತ್ತಿರಲಿಲ್ಲ, ಹುಣಸೆಹಣ್ಣು ಹಾಕಿ ತಿಕ್ಕಿದರೂ ಅಷ್ಟೇ. ಊರಿನ ಸುದ್ದಿಯೆಲ್ಲ ಆ ಜಗುಲಿಯಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರು, ಯಾರ ಹಸು ಕರು ಹಾಕಿತು, ಎಲ್ಲ. ನನ್ನ ಪಟ್ಟಿಯಲ್ಲಿ ಜಗುಲಿಯೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಒಂದು ಸಾಲು ಇನ್ನೊಂದನ್ನು ಎಳೆದುಕೊಂಡು ಬಂತು.

ಹೀಗೆ ಓಡಿದ್ದು ಅಡಿಕೆ ಹಂಡೆಗೆ ಬೀಳುವವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ನೆನಪು ಸಾಲದು. ಮತ್ತೆ ನೋಟ್‌ಬುಕ್ ತೆಗೆದೆ. ಬೆಳೆಗಾರರನ್ನು ಕೇಳಿ ಬರೆದುಕೊಂಡದ್ದೆಲ್ಲ ಅಲ್ಲಿತ್ತು. ಅಡಿಕೆ ಬೇಯಿಸಿದ ನೀರೇ ಗಟ್ಟಿಯಾಗಿ ಚೊಗರಾಗುತ್ತದೆ. ಕೆಂಪಡಿಕೆಗೆ ಬಣ್ಣ, ಹೊಳಪು ಬರುವುದು ಅದರಿಂದ. ಎಳೆಯ ಹಸಿರು ಕಾಯಿಯನ್ನು ಸುಲಿದು ಬೇಯಿಸಿದರೆ ಕೆಂಪಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಬಿಸಿಲಿಗೆ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಇಂಥವನ್ನು ಬರೆಯುವ ಹುಮ್ಮಸ್ಸಿನಲ್ಲಿ ಊಹಿಸಿ ಬರೆಯಬಾರದು. ಓದುವವರಲ್ಲಿ ಅಡಿಕೆ ಬೆಳೆದವರೇ ಜಾಸ್ತಿ ಇರುತ್ತಾರೆ, ಅಲ್ವಾ?

ಪಟ್ಟಿ ಮೊದಲೋ, ಹೊಳೆದದ್ದು ಮೊದಲೋ ಅಂತ ಯೋಚಿಸಿದರೆ ಇಬ್ಬರು ಕಾದಂಬರಿಕಾರರು ನೆನಪಾಗುತ್ತಾರೆ. ಆರ್.ಕೆ. ನಾರಾಯಣ್ 1930ರ ವಿಜಯದಶಮಿಯಂದು, ಅಜ್ಜಿ ಗೊತ್ತುಮಾಡಿದ ದಿನ, ಬೆಂಗಳೂರಿನಲ್ಲಿ ಬರೆಯಲು ಕೂತರು. ಅವರ ಕಲ್ಪನೆಯ ಊರು ಮಾಲ್ಗುಡಿಯ ರೈಲು ನಿಲ್ದಾಣ ತಾನಾಗಿ ಕಣ್ಣಮುಂದೆ ಬಂತು. ಎಸ್.ಎಲ್. ಭೈರಪ್ಪನವರು ಮಹಾಭಾರತದ ಕಥೆ ಹೇಳುವ, 1979ರಲ್ಲಿ ಬಂದ ಕಾದಂಬರಿ 'ಪರ್ವ'ಕ್ಕಾಗಿ ಹಿಮಾಲಯದ ಹಳ್ಳಿಗಳವರೆಗೂ ಹೋಗಿ ಬಂದರು. ಒಬ್ಬರದು ಸ್ಫೂರ್ತಿ, ಇನ್ನೊಬ್ಬರದು ಪೂರ್ವಸಿದ್ಧತೆ ಅಂತ ಇವರನ್ನು ಎದುರುಬದುರು ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ನಾರಾಯಣ್ ಹುಡುಗನಾಗಿ ಕಂಡ ಬೀದಿ, ಶಾಲೆಗಳೆಲ್ಲ ಅವರೊಳಗೆ ಮೊದಲೇ ತುಂಬಿಕೊಂಡಿದ್ದವು. ಭೈರಪ್ಪನವರು ತಮ್ಮ ಕಥೆಯ ಕಾಲವನ್ನು ಕಂಡಿರಲಿಲ್ಲ, ಅದಕ್ಕೇ ಹುಡುಕಿಕೊಂಡು ಹೋದರು. ಇಬ್ಬರಿಗೂ ಸರಕು ಬೇಕಿತ್ತು. ನನ್ನ ಪಟ್ಟಿಯಲ್ಲೂ ಕೆಲಸಕ್ಕೆ ಬಂದದ್ದು ಸರಕೇ, ಅದನ್ನು ಜೋಡಿಸಿಟ್ಟ ಕ್ರಮ ಅಲ್ಲ.

ಸಂಜೆಯ ಹೊತ್ತಿಗೆ ಲೇಖನ ಮುಗಿಯಿತು. ತೋಟದ ಭಾಗ ಪೂರ್ತಿ ಹೋಯಿತು. ಮಾರುಕಟ್ಟೆ ಎರಡೇ ಸಾಲಿಗೆ ಇಳಿಯಿತು.

ಮುಂದಿನ ಲೇಖನ, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಅಂತ ಲೆಕ್ಕವೆಲ್ಲ ಬರೆದಿಟ್ಟಿದ್ದೇನೆ. ಶೀರ್ಷಿಕೆಗಳ ಪಟ್ಟಿ ಮಾಡಿಲ್ಲ. ಮಳೆ ಹಿಡಿಯುವ ಮೊದಲು, ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡರ ಜೊತೆ ಒಂದು ಬೆಳಗ್ಗೆ ತೋಟದಲ್ಲಿದ್ದು, ಅವತ್ತು ರಾತ್ರಿಯೇ ಬರೆಯಲು ಕೂರಬೇಕು ಅಂದುಕೊಂಡಿದ್ದೇನೆ.